ಶೈಲಜಮ್ಮನ ಎದೆಯ ಗಾಯ ಹುಡುಕಿದ್ದು

ಶೈಲಜಮ್ಮ ಹೊರಟರು ಅಂದರೆ ಇನ್ನೂ ಅರ್ಧ ಗಂಟೆ ಇದೆ ಅಂತ ಅರ್ಥ. ಚಾಮರಾಜಪೇಟೆಯ ನಮ್ಮ ಅಡ್ಡರಸ್ತೆಯಲ್ಲಿ ಈ ಮಾತು ಹೇಳದವರೇ ಇರಲಿಲ್ಲ. ಮಹಡಿಯ ಮೇಲೆ ಅವರು ಬಾಗಿಲಿಗೆ ಚಿಲಕ ಹಾಕಿದ ಸದ್ದು ಕೇಳಿದ ಮೇಲೆ ನೀವು ಒಲೆಯ ಮೇಲೆ ಹಾಲಿಟ್ಟು, ಕಾಯಿಸಿ, ಕಾಫಿ ಕುಡಿದು, ಲೋಟ ತೊಳೆದು ಬೋರಲು ಹಾಕಿ ಹೊರಗೆ ಬನ್ನಿ, ಆಕೆ ಇನ್ನೂ ಗೇಟಿನ ಹತ್ತಿರವೇ. ಮೆಟ್ಟಿಲ ಮೇಲೆ ಒಂದು ಮಾತು, ಮೆಟ್ಟಿಲ ಕೆಳಗೆ ಒಂದು ಮಾತು, ಗೇಟು ತೆಗೆಯುತ್ತ ಒಂದು, ಹಾಕುತ್ತ ಇನ್ನೊಂದು. ಯಾರ ಮನೆಯ ನಲ್ಲಿಯಲ್ಲಿ ನೀರು ಬರಲಿಲ್ಲ, ಯಾರ ಹುಡುಗಿಯನ್ನು ನೋಡಲು ಬಂದವರು ಉಪ್ಪಿಟ್ಟು ತಿಂದು ಸುಮ್ಮನೆ ಹೋದರು, ಯಾರ ಮೊಮ್ಮಗುವಿಗೆ ಹಲ್ಲು ಬಂತು, ಎಲ್ಲ ವಿಚಾರಿಸದೆ ಆಕೆಯ ಕಾಲು ರಸ್ತೆಗೆ ಇಳಿಯುತ್ತಿರಲಿಲ್ಲ.

ಗಂಡ ಪರಮಶಿವಯ್ಯನವರಿಗೆ ಅಕ್ಕಿಪೇಟೆಯಲ್ಲಿ ಹಗ್ಗ, ಗೋಣಿಚೀಲದ ಅಂಗಡಿ. ಮಾತು ಕಡಿಮೆ, ತಾಳ್ಮೆ ಜಾಸ್ತಿ. ಮದುವೆಯಾದ ವರ್ಷವೇ ಅವರು ಒಂದು ಉಪಾಯ ಕಂಡುಕೊಂಡಿದ್ದರು. "ನಾನು ಮುಂದೆ ಹೋಗಿರ್ತೀನಿ" ಎಂದು ಹೇಳಿ ಹೋಗಿ ರಸ್ತೆ ತಿರುವಿನ ಹೊಂಗೆ ಮರದ ಕೆಳಗೆ ಚೀಲ ಹಿಡಿದು ನಿಲ್ಲುವುದು. ಹೋಗಿ ಬರುವವರು ಯಾಕೆ ಸ್ವಾಮಿ ನಿಂತಿದೀರಿ ಎಂದು ಕೇಳಿದರೆ ಅವರದು ಒಂದೇ ಉತ್ತರ: ಮನೆಯವಳು ಹೊರಟಿದಾಳೆ.

ಶೈಲಜಮ್ಮನ ಇನ್ನೊಂದು ಅಭ್ಯಾಸವೂ ಬೀದಿಗೆಲ್ಲ ಗೊತ್ತಿತ್ತು. ಭಯವಾದರೆ, ಸಂತೋಷವಾದರೆ, ಯಾರದೋ ಮನೆಯ ಸುದ್ದಿ ಕೇಳಿ ಬೆರಗಾದರೆ, ಕೈ ಸೀದಾ ಎದೆಗೆ ಹೋಗುತ್ತಿತ್ತು. ಅಲ್ಲಿ ಗಟ್ಟಿಯಾಗಿ ಒತ್ತಿ ಹಿಡಿದು, ಒಂದು ಗಳಿಗೆ ಕಣ್ಣು ಮುಚ್ಚಿ, ಆಮೇಲೆ ಮಾತು. ಈ ಕೈಯೇ ಮುಂದೆ ಎಷ್ಟು ಗೊಂದಲ ಮಾಡಿತು ಎನ್ನುವುದೇ ನಾನು ಹೇಳಹೊರಟಿರುವುದು.

ಆಕೆಗೆ ಅರವತ್ತಾರು ತುಂಬಿದ ವರ್ಷ. ಕಣ್ಣಿನ ಪೊರೆ ತೆಗೆಸಬೇಕು ಎಂದು ಹೋದರೆ, ಕಣ್ಣಿನ ಡಾಕ್ಟರು ಮೊದಲು ಒಂದು ಇಸಿಜಿ ಮಾಡಿಸಿ ಬನ್ನಿ ಎಂದರು. ಇಸಿಜಿಯ ಗೆರೆಯಲ್ಲಿ ಏನೋ ಸಣ್ಣ ಅನುಮಾನ ಬಂತು. ಹಾಗಾಗಿ ಬಸವನಗುಡಿ ಕಡೆಯ ಒಂದು ಆಸ್ಪತ್ರೆಯಲ್ಲಿ ಟ್ರೆಡ್‌ಮಿಲ್ ಮೇಲೆ ನಡೆಸಿದರು. ಸೀರೆಯನ್ನು ಎತ್ತಿ ಕಟ್ಟಿ ಹತ್ತಿದ ಶೈಲಜಮ್ಮ ಪಟ್ಟಿ ಓಡುವಷ್ಟು ಹೊತ್ತೂ ಆ ಮಿಷನ್ನಿನ ಹುಡುಗಿಯ ಊರು ಯಾವುದು, ಮದುವೆ ಆಗಿದೆಯೇ ಎಂದು ಕೇಳುತ್ತಲೇ ಇದ್ದರು. ಟ್ರೆಡ್‌ಮಿಲ್ ಮಾತ್ರ ಹೃದಯಕ್ಕೆ ರಕ್ತ ಸಾಲುತ್ತಿಲ್ಲ ಎಂದು ಚಾಡಿ ಹೇಳಿತು. ಹೃದಯದ ಬಡಿತವನ್ನು ಪರದೆಯ ಮೇಲೆ ನೋಡುವ ಎಕೋ ಮಾಡಿದರು. ಎಕೋ ನೋಡಿದವರು, ಇಪ್ಪತ್ತು ವರ್ಷ ಚಿಕ್ಕವರಿಗೂ ಇಷ್ಟು ಚೆನ್ನಾಗಿ ಬಡಿಯುವುದಿಲ್ಲ ಅಂದರು. ಯಾರನ್ನು ನಂಬುವುದು? ತೀರ್ಮಾನವಾಗಲಿ ಎಂದು ಮೂರನೆಯದು ಮಾಡಿಸಿದರು. ನರಕ್ಕೆ ಔಷಧಿ ಕೊಟ್ಟು, ದೊಡ್ಡ ಕ್ಯಾಮೆರಾದ ಕೆಳಗೆ ಮಲಗಿಸಿ, ರಕ್ತ ಎಲ್ಲೆಲ್ಲಿ ಹೋಗುತ್ತದೆ ಎಂದು ನೋಡುವ ಸ್ಕ್ಯಾನು. ಅದು ಎರಡನ್ನೂ ಮೀರಿಸಿತು. ಹೃದಯದ ಮುಂದಿನ ಗೋಡೆಯಲ್ಲಿ ಒಂದು ಕಪ್ಪು ಕಲೆ. ಹಿಂದೆ ಎಂದೋ ಆದ ಹಾರ್ಟ್ ಅಟ್ಯಾಕಿನ ಗಾಯ ಇರಬಹುದು ಎಂದು ಬರೆದು ಕಳಿಸಿದರು.

ಮಗ ರುದ್ರೇಶ್ ಆ ರಿಪೋರ್ಟು ಓದಿದವನು ಆ ದಿನ ಊಟ ಮಾಡಲಿಲ್ಲ. ಅವನು ಅಪ್ಪನ ಹಾಗೆ, ಒಳಗಿನದು ಹೊರಗೆ ಬಿಡುವವನಲ್ಲ. ಎರಡು ದಿನ ಬಿಟ್ಟು, ಕೆಂಗೇರಿ ಕಡೆ ಲಿಫ್ಟ್ ಇರುವ ಒಂದು ಮನೆ ನೋಡಿದ್ದೇನೆ, ಎಲ್ಲರೂ ಅಲ್ಲಿಗೆ ಹೋಗಿಬಿಡೋಣ, ಇನ್ನು ಅಮ್ಮ ಈ ಮೆಟ್ಟಿಲು ಹತ್ತಕೂಡದು ಅಂದ. ಮೆಟ್ಟಿಲೂ ಹಾಗೇ ಇತ್ತು ಅನ್ನಿ. ಗೋಡೆಗೆ ಅಂಟಿಕೊಂಡು ನೆಟ್ಟಗೆ ಏರುವ ಹಳೆಯ ಕಲ್ಲುಮೆಟ್ಟಿಲು, ಒಬ್ಬರು ಇಳಿಯುವಾಗ ಇನ್ನೊಬ್ಬರು ಕೆಳಗೇ ಕಾಯಬೇಕು.

ಗುಬ್ಬಿ ಕಡೆಯಿಂದ ಹತ್ತೊಂಬತ್ತರ ವಯಸ್ಸಿನಲ್ಲಿ ಈ ಮೆಟ್ಟಿಲು ಹತ್ತಿ ಬಂದವರು ಶೈಲಜಮ್ಮ. ಈ ಬೀದಿ ಬಿಟ್ಟು, ಯಾರ ಮುಖವೂ ಗೊತ್ತಿಲ್ಲದ ಕಡೆ, ಲಿಫ್ಟಿನಲ್ಲಿ ಮಾತಿಲ್ಲದೆ ಏರಿ ಇಳಿಯುವುದು ಆಕೆಗೆ ಊಹಿಸಲೂ ಆಗದ ಸಂಗತಿ. ಅತ್ತು ಕರೆದು ಮಾಡಲಿಲ್ಲ. ಒಂದು ಷರತ್ತು ಹಾಕಿದರು.

"ಗಾಯ ಆಗಿದೆ ಅಂತೀರಲ್ಲ, ಯಾವತ್ತು ಆಯ್ತು? ಕಾಲಿಗೆ ಮುಳ್ಳು ಚುಚ್ಚಿದ್ರೆ ಗೊತ್ತಾಗತ್ತೆ, ಎದೆ ಒಡೆದಿದ್ದು ಗೊತ್ತಾಗಲ್ವಾ? ಆ ದಿನ ಯಾವುದು ಅಂತ ಯಾರಾದ್ರೂ ಹೇಳಿ. ಹೌದು ಅಂತ ನನ್ನ ಮನಸ್ಸಿಗೆ ಬಂದ್ರೆ ನಾನೇ ಗಂಟು ಕಟ್ತೀನಿ."

ಹೃದಯದ ಡಾಕ್ಟರನ್ನು ಕಾಣಲು ಇನ್ನೂ ಹತ್ತು ದಿನ ಇತ್ತು. ಆ ಹತ್ತು ದಿನ ನಮ್ಮ ಬೀದಿಗೆ ಬೇರೆ ಕೆಲಸವೇ ಇರಲಿಲ್ಲ. ಸ್ಕ್ಯಾನನ್ನು ನಂಬುವವರು ಒಂದು ಕಡೆ, ಎಕೋ ನಂಬುವವರು ಇನ್ನೊಂದು ಕಡೆ. ನಡುವೆ ಶೈಲಜಮ್ಮನ ಕಳೆದುಹೋದ ಹಾರ್ಟ್ ಅಟ್ಯಾಕನ್ನು ಎಲ್ಲರೂ ಸೇರಿ ಹುಡುಕಿದ್ದೇ ಹುಡುಕಿದ್ದು.

ಮೊದಲು ಬಾಯಿಬಿಟ್ಟವರು ಪರಮಶಿವಯ್ಯನವರೇ. ಅಂಗಡಿಗೆ ಊಟ ತರುತ್ತಿದ್ದ ಆಳು ಕೆಲಸ ಬಿಟ್ಟಾಗ ಶೈಲಜಮ್ಮನಿಗೆ ಮೂವತ್ತೈದು. ಕೋಟೆ ಹೈಸ್ಕೂಲಿನ ಮೈದಾನದಲ್ಲಿ ಬೆಳಗಿನ ಜಾವ ಬಿದ್ದು ಎದ್ದು ಸೈಕಲ್ ಕಲಿತು, ಊಟದ ಕ್ಯಾರಿಯರನ್ನು ಹ್ಯಾಂಡಲಿಗೆ ತೂಗುಹಾಕಿಕೊಂಡು ದಿನಾ ಅಕ್ಕಿಪೇಟೆಗೆ ಹೋಗುತ್ತಿದ್ದರು. ಪೇಟೆಯ ಗಾಡಿಯವರು, ಮೂಟೆ ಹೊರುವವರು ಮೊದಮೊದಲು ನಕ್ಕರು, ಆಮೇಲೆ ದಾರಿ ಬಿಟ್ಟರು. ಒಂದು ದಿನ ಸಿರ್ಸಿ ಸರ್ಕಲ್ ಹತ್ತಿರ ಬಾಳೆಹಣ್ಣಿನ ತಳ್ಳುಗಾಡಿಗೆ ಹೋಗಿ ಗುದ್ದಿದರು. ಅಂಗಡಿಗೆ ಬಂದಾಗ ಮೈಯೆಲ್ಲ ಬೆವರು, ಕೈ ಎದೆಯ ಮೇಲೆ. ಅದಕ್ಕಿಂತ ದೊಡ್ಡ ಸಾಕ್ಷಿ, ಬಂದು ಕೂತವಳು ಐದು ನಿಮಿಷ ಮಾತಾಡಲೇ ಇಲ್ಲ. ಅವತ್ತೇ ಇರಬೇಕು ಎಂದರು ಪರಮಶಿವಯ್ಯ.

ಶೈಲಜಮ್ಮ ಬಿದ್ದು ಬಿದ್ದು ನಕ್ಕರು. ಗಾಡಿಯವನು ಬೈಯುವುದು ಬಿಟ್ಟು, ಜಜ್ಜಿದ ಹಣ್ಣು ಇನ್ಯಾರಿಗೆ ಬೇಕು, ನೀವೇ ತಿನ್ನಿ ತಾಯಿ ಎಂದು ಒಂದು ಚಿಪ್ಪು ಕೊಟ್ಟಿದ್ದನಂತೆ. "ಬಾಯ್ತುಂಬಾ ಬಾಳೆಹಣ್ಣಿತ್ತು ರೀ. ಹೇಗೆ ಮಾತಾಡ್ಲಿ?"

ಕೆಳಗಿನ ಮನೆಯ ಸುಬ್ಬಲಕ್ಷ್ಮಮ್ಮನದು ಬೇರೆ ದಿನ. ಅವರದು ತರಕಾರಿ ವ್ಯಾಪಾರದ ಮನೆತನ, ಗಂಡಸರೆಲ್ಲ ಕೋಳಿ ಕೂಗುವ ಮುಂಚೆ ಮಾರ್ಕೆಟ್ಟಿಗೆ ಹೋಗಿಬಿಡುವವರು. ಮಗ ಮುನಿಕೃಷ್ಣ ಹುಟ್ಟುವ ದಿನ ಅವರಿಗೆ ನೋವು ಬಂದಾಗ ಮನೆಯಲ್ಲಿ ಯಾರೂ ಇರಲಿಲ್ಲ. ಶೈಲಜಮ್ಮ ಬರಿಗಾಲಲ್ಲಿ ಓಡಿ ಹೋಗಿ, ರಸ್ತೆಗೆ ಅಡ್ಡ ನಿಂತು ಆಟೋ ಹಿಡಿದು, ಆಸ್ಪತ್ರೆ ಮುಟ್ಟಿಸಿ, ಒಳಗಿಂದ ಮಗು ಅತ್ತ ಸದ್ದು ಕೇಳುತ್ತಲೇ ಎದೆ ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟಿದ್ದರಂತೆ. ಇದನ್ನು ಹೇಳುವಾಗ ಸುಬ್ಬಲಕ್ಷ್ಮಮ್ಮನ ಕಣ್ಣಲ್ಲಿ ನೀರು. ನನ್ನ ದೆಸೆಯಿಂದ ನಿನಗೆ ಹೀಗಾಯ್ತಲ್ಲ ಶೈಲಕ್ಕ ಅಂದರು.

"ಅವತ್ತು ಶ್ರಾವಣ ಸೋಮವಾರ ಕಣೇ ಸುಬ್ಬು, ಉಪವಾಸ. ತಲೆ ತಿರುಗ್ತಿತ್ತು," ಅಂದರು ಶೈಲಜಮ್ಮ. "ಸಾಲದು ಅಂತ ಆಟೋದಲ್ಲಿ ನೀನು ನನ್ನ ಕೈ ಕಚ್ಚಿದ್ದೆ. ನೋವು ಎದೇಲಿ ಎಲ್ಲಿತ್ತು, ಕೈಯಲ್ಲಿತ್ತು."

ಹೀಗೆ ಒಬ್ಬೊಬ್ಬರೂ ಒಂದೊಂದು ದಿನ ತಂದರು, ಆಕೆ ಒಂದೊಂದನ್ನೂ ನಗಿಸಿ ವಾಪಸು ಕಳಿಸಿದರು. ನಾವು ಯಾರೂ ಒಟ್ಟಿಗೆ ಕೇಳಿರದಿದ್ದ ಆಕೆಯ ಜೀವನವೆಲ್ಲ ಆ ಹತ್ತು ದಿನದಲ್ಲಿ ಗೇಟಿನ ಹತ್ತಿರ ಬಂದು ನಿಂತಿತು. ರುದ್ರೇಶ್ ಮಾತ್ರ ಯಾವ ದಿನವನ್ನೂ ತರಲಿಲ್ಲ. ಸಾಮಾನು ಕಟ್ಟಲು ಅಂಗಡಿಯಿಂದ ಗೋಣಿಚೀಲ ತಂದು ಮೂಲೆಯಲ್ಲಿ ಇಟ್ಟ. ಅದನ್ನು ನೋಡಿದಾಗ ಶೈಲಜಮ್ಮನ ನಗು ಒಂದಿಷ್ಟು ಸಣ್ಣದಾಗುತ್ತಿತ್ತು.

ಡಾಕ್ಟರ್ ಸಂಧ್ಯಾ ಹೃದಯದ ಡಾಕ್ಟರು, ವಯಸ್ಸು ಕಡಿಮೆ, ಅವಸರ ಇಲ್ಲದವರು. ರುದ್ರೇಶ್, ಸೊಸೆ ಐಶ್ವರ್ಯ, ನಡುವೆ ಶೈಲಜಮ್ಮ ಕೂತರು. ಡಾಕ್ಟರು ಮೂರೂ ರಿಪೋರ್ಟನ್ನು ಮೇಜಿನ ಮೇಲೆ ಹರಡಿಕೊಂಡು ಬಹಳ ಹೊತ್ತು ನೋಡಿದರು. ಟ್ರೆಡ್‌ಮಿಲ್ ಹೆಂಗಸರ ವಿಷಯದಲ್ಲಿ ಕೆಲವು ಸಲ ಸುಮ್ಮಸುಮ್ಮನೆ ಹೆದರಿಸುತ್ತದೆ, ಅದು ಗೊತ್ತಿದ್ದದ್ದೇ ಎಂದರು. ಅವರಿಗೆ ಹೊಂದದೆ ಇದ್ದದ್ದು ಉಳಿದ ಎರಡು. ಸ್ಕ್ಯಾನಿನಲ್ಲಿ ಯಾವ ಗೋಡೆ ಸತ್ತಿದೆ ಎಂದು ಕಾಣುತ್ತಿದೆಯೋ, ಅದೇ ಗೋಡೆ ಎಕೋದಲ್ಲಿ ಚೆನ್ನಾಗಿ ಬಡಿಯುತ್ತಿದೆ. ಗಾಯವಾದ ಜಾಗ ಹಾಗೆ ಬಡಿಯುವುದಿಲ್ಲ. ತೊಡೆಯ ನರದಿಂದ ತಂತಿ ಹಾಕಿ ಆಂಜಿಯೋಗ್ರಾಂ ಮಾಡುವ ಮುಂಚೆ ಒಂದು ಮಾತು ಕೇಳುತ್ತೇನೆ, ಹಿಂದೆ ಯಾವತ್ತಾದರೂ ಎದೆನೋವು ಬಂದು ಕೂತುಬಿಟ್ಟದ್ದು ಉಂಟೇ ಎಂದರು.

ಶೈಲಜಮ್ಮ ಬಾಯಿ ತೆಗೆಯುವಷ್ಟರಲ್ಲಿ ರುದ್ರೇಶ್ ಹೇಳಿದ.

"ಆ ದಿನ ನನಗೆ ಗೊತ್ತು ಡಾಕ್ಟರ್. ಅದು ಆಗಿದ್ದು ನನ್ನಿಂದ."

ಹತ್ತು ವರ್ಷದ ಹಿಂದಿನ ಮಾತು ಅದು. ಐಶ್ವರ್ಯ ವೈಯಾಲಿಕಾವಲಿನ ಹುಡುಗಿ, ಇವರ ಪೈಕಿಯವಳಲ್ಲ. ಅವಳನ್ನೇ ಮದುವೆಯಾಗುತ್ತೇನೆ ಎಂದು ರುದ್ರೇಶ್ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದ ಸಂಜೆ, ಶೈಲಜಮ್ಮ ಎದೆಯನ್ನು ಒತ್ತಿ ಹಿಡಿದು, ಗೋಡೆಗೆ ಒರಗಿ, ಕಣ್ಣು ಮುಚ್ಚಿ ಕೂತರು. ಮಾರನೆಯ ದಿನ ಆಗಲಿ ಅಂದರು, ಮದುವೆ ಸಂತೋಷವಾಗಿಯೇ ನಡೆಯಿತು. ಆದರೆ ಮಗನ ಮನಸ್ಸಿನಲ್ಲಿ ಆ ಸಂಜೆ ಹಾಗೇ ಕೂತಿತ್ತು. ಸ್ಕ್ಯಾನಿನ ಕಲೆ ಕಂಡ ಮೇಲಂತೂ ಅವನಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ಐಶ್ವರ್ಯ ಇದನ್ನು ಅವತ್ತೇ ಮೊದಲ ಸಲ ಕೇಳಿದ್ದು. ಅವಳು ತಲೆ ಎತ್ತಲಿಲ್ಲ.

ಶೈಲಜಮ್ಮ ಮಗನ ಕಡೆ ನೋಡಿದರು, ಸೊಸೆಯ ಕಡೆ ನೋಡಿದರು.

"ಅಯ್ಯೋ ಪೆದ್ದ," ಅಂದರು. "ಹತ್ತು ವರ್ಷದಿಂದ ಇದನ್ನ ಹೊಟ್ಟೇಲಿ ಇಟ್ಕೊಂಡಿದ್ಯಾ? ಬಾಯೇ ಬಿಡದ ಈ ಮಗನಿಗೆ ನಾನು ಎಲ್ಲಿಂದ ಹೆಣ್ಣು ತರ್ಲಿ ಅಂತ ದಿನಾ ಪೂಜೇಲಿ ಕೇಳ್ಕೊಳ್ತಿದ್ದೆ ಕಣೋ. ನೀನೇ ಹುಡುಕ್ಕೊಂಡು ಬಂದ್ಬಿಟ್ಟೆ. ಲಿಂಗ ಹಿಡ್ಕೊಂಡು, ತಂದೆ, ಕೊನೆಗೂ ಕೇಳಿಸ್ಕೊಂಡ್ಯಲ್ಲ ಅಂತ ನಮಸ್ಕಾರ ಮಾಡ್ತಿದ್ದೆ. ಹೀಗೆ."

ಹೀಗೆ ಎನ್ನುವಾಗ ಕೈ ಮತ್ತೆ ಎದೆಗೆ ಹೋಯಿತು. ಐಶ್ವರ್ಯಳಿಗೆ ನಗುವೂ ಬಂತು, ಅಳುವೂ ಬಂತು. ರುದ್ರೇಶ್ ಕನ್ನಡಕ ತೆಗೆದು ಒರೆಸಿದ, ಹಾಕಿಕೊಂಡ, ಮತ್ತೆ ತೆಗೆದ. ಡಾಕ್ಟರ್ ಸಂಧ್ಯಾ ಮಾತ್ರ ಆ ಕೈಯನ್ನೇ ನೋಡುತ್ತಿದ್ದರು.

"ಅಮ್ಮಾ, ಈಗ ಏನು ಹಿಡ್ಕೊಂಡಿದೀರಾ?"

ಶೈಲಜಮ್ಮ ಸೆರಗಿನ ಒಳಗಿಂದ ಶಿವದಾರವನ್ನು ಎಳೆದು ತೋರಿಸಿದರು. ತುದಿಯಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಅತ್ತೆಯ ಕಾಲದ ಕರಡಿಗೆ, ಗಟ್ಟಿ ಬೆಳ್ಳಿ, ಕೋಳಿಮೊಟ್ಟೆಯಷ್ಟು ದಪ್ಪ.

"ಸ್ಕ್ಯಾನ್ ಮಾಡ್ಸಿದ ದಿನ ಇದು ಎಲ್ಲಿತ್ತು?"

"ಇಲ್ಲೇ. ಇನ್ನೆಲ್ಲಿರತ್ತೆ?"

ಐಶ್ವರ್ಯ ತಲೆ ಎತ್ತಿದಳು. "ಅತ್ತೆ, ಬಳೆ, ಸರ, ತಾಳಿ ಎಲ್ಲಾ ಬಿಚ್ಚಿ ನನ್ನ ಕೈಗೆ ಕೊಟ್ರಲ್ಲ."

"ಒಡವೆ ತೆಗೀರಿ ಅಂದ್ರು, ತೆಗೆದೆ. ಇದು ಒಡವೆಯೇನಮ್ಮಾ?"

ಲಿಂಗ ಕಟ್ಟಿದ ಮನೆಗಳಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೈಯಿಂದ ಲಿಂಗ ಅಗಲಿದರೆ ಉಸಿರು ಅಗಲಿದ ಹಾಗೆ. ಶೈಲಜಮ್ಮ ಅದನ್ನು ಬಚ್ಚಿಡಲಿಲ್ಲ, ಸುಳ್ಳೂ ಹೇಳಲಿಲ್ಲ. ಕೈ ಕಾಲು ಬಿಚ್ಚಿಡಿ ಎಂದು ಯಾರೂ ಹೇಳದ ಹಾಗೆ, ಇದನ್ನೂ ಯಾರೂ ಹೇಳಿರುವುದಿಲ್ಲ ಎಂದು ತಿಳಿದು, ಆಸ್ಪತ್ರೆಯ ನಿಲುವಂಗಿಯ ಒಳಗೆ ಎಡಗಡೆ ಭದ್ರವಾಗಿ ಇಟ್ಟುಕೊಂಡು ಮಲಗಿದ್ದರು.

ಡಾಕ್ಟರ್ ಸಂಧ್ಯಾ ನಕ್ಕರು. ಆದರೆ ನಗುತ್ತಲೇ ಎಚ್ಚರಿಕೆಯನ್ನೂ ಹೇಳಿದರು. ಬೆಳ್ಳಿ ಅಡ್ಡ ಬಂದರೆ ಕ್ಯಾಮೆರಾಕ್ಕೆ ಹಿಂದಿನದು ಕಾಣುವುದಿಲ್ಲ, ಕಪ್ಪಾಗಿ ಬರುತ್ತದೆ. ಕಲೆ ಕರಡಿಗೆಯ ನೆರಳೇ ಇರಬಹುದು. ಇರಬಹುದು ಎಂದಷ್ಟೇ ಹೇಳುತ್ತೇನೆ, ಇನ್ನೊಂದು ಸಲ ಸ್ಕ್ಯಾನ್ ಮಾಡದೆ ಏನೂ ಹೇಳಲಾರೆ ಎಂದರು. ಶೈಲಜಮ್ಮನ ಮುಖ ಬಾಡಿತು. ಲಿಂಗ ತೆಗೆಯುವ ಮಾತಾದರೆ ಕೆಂಗೇರಿಗೇ ಹೋಗುತ್ತೇನೆ ಅಂದರು. ಡಾಕ್ಟರು ಸ್ವಲ್ಪ ಯೋಚಿಸಿ, ಆ ಸ್ಕ್ಯಾನಿನಲ್ಲಿ ಕೈ ಎರಡನ್ನೂ ತಲೆಯ ಹಿಂದಕ್ಕೆ ಎತ್ತಿ ಮಲಗಬೇಕಲ್ಲ, ಕ್ಯಾಮೆರಾ ಅಲ್ಲಿಗೆ ಬರುವುದಿಲ್ಲ ಎಂದು ನೆನೆದು ಕೇಳಿದರು: "ಕೈಯಲ್ಲಿ ಹಿಡ್ಕೊಂಡಿದ್ರೆ ನಡೆಯತ್ತಾ?"

"ನಡೆಯತ್ತಾ ಅಂತ ಕೇಳ್ತೀರಲ್ಲ," ಅಂದರು ಶೈಲಜಮ್ಮ. "ದಿನಾ ಪೂಜೆ ಮಾಡೋದು ಅಂಗೈಯಲ್ಲೇ."

ಎರಡನೆಯ ಸಲ ಆಕೆ ಆ ದೊಡ್ಡ ಕ್ಯಾಮೆರಾದ ಕೆಳಗೆ, ತಲೆಯ ಹಿಂದೆ ಎಡಗೈಯ ಮುಷ್ಟಿಯಲ್ಲಿ ಕರಡಿಗೆ ಹಿಡಿದು, ಕಣ್ಣು ಮುಚ್ಚಿ ಮಲಗಿದರು. ಮಿಷನ್ನಿನ ಹುಡುಗಿ ನಿದ್ದೆ ಬಂತೇ ಎಂದು ನೋಡಿದರೆ ತುಟಿ ಅಲ್ಲಾಡುತ್ತಿತ್ತಂತೆ. ಈ ಸಲ ಹೃದಯದ ಗೋಡೆ ಪೂರ್ತಿ ಬೆಳಗಿತು. ಕಲೆ ಇಲ್ಲ, ಗಾಯ ಇಲ್ಲ. ಹತ್ತು ದಿನ ಬೀದಿಯೆಲ್ಲ ಹುಡುಕಿದ ಹಾರ್ಟ್ ಅಟ್ಯಾಕು ಸಿಕ್ಕದೆ ಇದ್ದದ್ದು ಅದು ಆಗದೇ ಇದ್ದದ್ದಕ್ಕೆ.

ಇಷ್ಟಕ್ಕೆ ಹೂವಿನ ಹಾರ ಹಾಕಿ ಕಳಿಸುವ ಡಾಕ್ಟರಲ್ಲ ಆಕೆ. ಒಳ್ಳೆಯ ಸ್ಕ್ಯಾನು ಬಂತು ಎಂದು ಎದೆಯನ್ನು ಮರೆಯಬೇಡಿ ಎಂದು ಕೂರಿಸಿಕೊಂಡು ಹೇಳಿದರು. ಬಿಪಿ ಏರಿದೆ, ಕೊಬ್ಬು ಜಾಸ್ತಿ ಇದೆ. ಟ್ರೆಡ್‌ಮಿಲ್ ಹೇಳಿದ್ದರಲ್ಲಿ ಒಂದು ಎಳೆ ನಿಜವಿದ್ದರೂ ಇರಬಹುದು. ಸಣ್ಣ ಸಣ್ಣ ಅಡ್ಡಿಗಳು ಈ ಸ್ಕ್ಯಾನಿಗೆ ಕಾಣದೆ ಹೋಗಬಹುದು. ಅದಕ್ಕೆ ಮಾತ್ರೆ ತಪ್ಪಬಾರದು, ದಿನಾ ನಡೆಯಬೇಕು, ಉಪ್ಪಿನಕಾಯಿ ಹಪ್ಪಳ ಕಡಿಮೆ ಮಾಡಬೇಕು, ವರ್ಷಕ್ಕೊಂದು ಸಲ ಬಂದು ಮುಖ ತೋರಿಸಬೇಕು. ರುದ್ರೇಶ್ ತಡೆಯಲಾರದೆ ಮೆಟ್ಟಿಲಿನ ವಿಷಯ ಕೇಳಿದ.

"ಹತ್ತಲಿ, ಒಳ್ಳೇದೇ. ಅಮ್ಮಾ, ಹತ್ತುವಾಗ ಮಾತಾಡೋಕಾಗತ್ತಾ ನಿಮಗೆ?"

ರುದ್ರೇಶನೂ ಐಶ್ವರ್ಯಳೂ ಒಟ್ಟಿಗೆ ನಕ್ಕರು.

"ಹಾಗಾದ್ರೆ ಇಷ್ಟೇ," ಅಂದರು ಡಾಕ್ಟರು. "ಮಾತಾಡ್ಕೊಂಡು ಹತ್ತಿ. ಯಾವತ್ತು ಮಾತು ನಿಲ್ಲತ್ತೋ, ಮೇಲುಸಿರು ಬರತ್ತೋ, ಅವತ್ತೇ ಬಂದ್ಬಿಡಿ. ನಾಳೆ ಅನ್ಬೇಡಿ."

ಗೋಣಿಚೀಲಗಳು ಅಂಗಡಿಗೆ ವಾಪಸು ಹೋದವು, ಕಣ್ಣಿನ ಪೊರೆಯನ್ನೂ ತೆಗೆಸಿದ್ದಾಯಿತು. ಅಂದಿನಿಂದ ನಮ್ಮ ಬೀದಿಗೊಂದು ಕೆಲಸವಾಯಿತು. ಶೈಲಜಮ್ಮ ಮೆಟ್ಟಿಲು ಹತ್ತುವಾಗ ಸುಬ್ಬಲಕ್ಷ್ಮಮ್ಮ ಒಳಗೆ ಕುಕ್ಕರಿನ ಸೀಟಿಯನ್ನೂ ಲೆಕ್ಕಿಸದೆ ಕಿವಿ ಕೊಡುತ್ತಿದ್ದರು. ಮೊದಲ ಮೆಟ್ಟಿಲಿಂದ ಕಡೆಯ ಮೆಟ್ಟಿಲವರೆಗೆ ಮಾತು ಕೇಳಿಸಿತೋ, ಅಂದಿನ ತಪಾಸಣೆ ಮುಗಿಯಿತು. ಹೇಳಲು ಏನೂ ಇಲ್ಲದ ದಿನ ಶೈಲಜಮ್ಮ, ಬಂದೆ ಕಣೇ, ಹತ್ತುತಿದೀನಿ ಕಣೇ, ಎಂದಾದರೂ ಅನ್ನುತ್ತಿದ್ದರು. ಒಂದು ಸಲ ಅರ್ಧ ಮೆಟ್ಟಿಲಿನಲ್ಲಿ ಮಾತು ನಿಂತಿತು. ಸುಬ್ಬಲಕ್ಷ್ಮಮ್ಮ ಸೌಟು ಹಿಡಿದೇ ಓಡಿದರು, ಮುನಿಕೃಷ್ಣ ಆಟೋ ತರಲು ಓಡಿದ. ನೋಡಿದರೆ ಬಾಯಲ್ಲಿ ಹಲಸಿನ ತೊಳೆ, ಹಳೆಯ ಬಾಳೆಹಣ್ಣಿನ ಕಥೆಯೇ. ಅವತ್ತು ಸುಬ್ಬಲಕ್ಷ್ಮಮ್ಮ ಬೈದ ಬೈಗುಳ ಬೀದಿಯ ಆ ತುದಿಗೂ ಕೇಳಿತು. ಆಮೇಲೆ ಇಬ್ಬರೂ ಮೆಟ್ಟಿಲ ಮೇಲೇ ಕೂತು ಉಳಿದ ಹಲಸು ಮುಗಿಸಿದರು.

ಸಂಜೆ ಮಕ್ಕಳ ಕೂಟದ ಪಾರ್ಕಿನ ತನಕ ನಡಿಗೆ. ಪರಮಶಿವಯ್ಯ ಮುಂದೆ ಹೋಗಿ ಹೊಂಗೆ ಮರದ ಕೆಳಗೆ ನಿಲ್ಲುವರು, ಅರ್ಧ ಗಂಟೆಗೆ ಆಕೆ ಬಂದು ಸೇರುವರು. ಮಾತ್ರೆಯನ್ನು ಆಕೆ ಪೂಜೆಯಾದ ಕೂಡಲೇ ನುಂಗುತ್ತಿದ್ದರು. ಪೂಜೆ ಎಂದೂ ತಪ್ಪದ್ದರಿಂದ ಮಾತ್ರೆಯೂ ತಪ್ಪಲಿಲ್ಲ. ಉಪ್ಪಿನಕಾಯಿ ವಿಷಯದಲ್ಲಿ ಮಾತ್ರ ಸೊಸೆಯ ಜತೆ ಕೊನೆಯವರೆಗೂ ಕಳ್ಳ ಪೊಲೀಸ್ ಆಟ. ನಡುವೆ ಒಂದು ವರ್ಷ ಟ್ರೆಡ್‌ಮಿಲ್ ಮತ್ತೆ ಗೊಣಗಿತು, ಎಕೋ ಮತ್ತೆ ಹೊಗಳಿತು. ಡಾಕ್ಟರ್ ಸಂಧ್ಯಾ ಒಂದು ಮಾತ್ರೆ ಬದಲಾಯಿಸಿ, ಮೆಟ್ಟಿಲ ಮೇಲೆ ಮಾತು ಹೇಗಿದೆ ಎಂದು ಕೇಳಿದರು. ಜೋರಾಗಿದೆ ಎಂದ ರುದ್ರೇಶ್. ಅವನೂ ಈಗ ಸ್ವಲ್ಪ ಸ್ವಲ್ಪ ಮಾತಾಡುವುದನ್ನು ಕಲಿತಿದ್ದ.

ಹೀಗೆ ಹದಿನಾಲ್ಕು ವರ್ಷ.

ಹೋದ ಕಾರ್ತಿಕದಲ್ಲಿ ಶೈಲಜಮ್ಮನಿಗೆ ಜ್ವರ ಬಂದು ಕಫ ಕಟ್ಟಿತು. ಎಂಬತ್ತು ದಾಟಿತ್ತು. ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದು ಹಟ ಮಾಡಿ ಮನೆಗೆ ಬಂದರು. ಒಂದು ಮಧ್ಯಾಹ್ನ, ಸುಬ್ಬಲಕ್ಷ್ಮಮ್ಮ ಪಕ್ಕದಲ್ಲಿ ಕೂತು ಅವರೆಕಾಯಿ ಬಿಡಿಸುತ್ತ ಯಾರದೋ ಮನೆಯ ಸುದ್ದಿ ಹೇಳುತ್ತಿದ್ದಾಗ, ಕೇಳುತ್ತ ಕೇಳುತ್ತಲೇ ಹೋದರು. ಶ್ವಾಸಕೋಶ ಕೈಕೊಟ್ಟಿತು, ಹೃದಯ ಮಾತ್ರ ಕೊನೆಯವರೆಗೂ ಬಿಡದೆ ದುಡಿಯಿತು ಅಂದರು ನೋಡಲು ಬಂದ ಡಾಕ್ಟರ್ ಸಂಧ್ಯಾ. ಎಕೋ ಪಕ್ಷದವರು, ನಾವು ಅವತ್ತೇ ಹೇಳಿರಲಿಲ್ಲವೇ ಎಂದು ಅಳುತ್ತಲೇ ಒಬ್ಬರ ಮುಖ ಒಬ್ಬರು ನೋಡಿದರು.

ಮೆಟ್ಟಿಲು ಕಿರಿದು. ಮುನಿಕೃಷ್ಣ, ರುದ್ರೇಶ್ ಇಬ್ಬರೇ ಹೆಗಲು ಕೊಟ್ಟು ಕುರ್ಚಿಯಲ್ಲಿ ಕೂರಿಸಿ ಇಳಿಸಿದರು. ಆ ಮೆಟ್ಟಿಲ ಮೇಲೆ ಮಾತಿಲ್ಲದೆ ಆಕೆ ಇಳಿದದ್ದು ಅದೊಂದೇ ಸಲ. ಇಳಿಯುವಷ್ಟು ಹೊತ್ತೂ ಸುಬ್ಬಲಕ್ಷ್ಮಮ್ಮನೇ ಕೆಳಗಿಂದ ಮಾತಾಡಿದರು. ಬಂದೆ ಕಣೇ, ಇಳೀತಿದೀನಿ ಕಣೇ, ಎಂದು ಗೆಳತಿಯ ಪರವಾಗಿ ಹೇಳುತ್ತಲೇ ಇದ್ದರು. ಗೇಟಿನ ಒಳಗೆ ವಿಮಾನ ಸಿದ್ಧವಾಗಿತ್ತು. ಬಿದಿರು, ಬಾಳೆದಿಂಡು ಕಟ್ಟಿ, ಚೆಂಡುಹೂ ಸೇವಂತಿಗೆ ಸುತ್ತಿದ ಮಂಟಪ. ಅದರಲ್ಲಿ ಆಕೆ ಕೂತಿದ್ದರು. ಹಣೆ ತುಂಬ ವಿಭೂತಿ, ಎಡ ಅಂಗೈಯಲ್ಲಿ ಲಿಂಗ, ಮುಖ ಬೀದಿಯ ಕಡೆಗೆ.

ಭಜನೆಯವರು ತಾಳ ತಟ್ಟಿ ಹೊರಟರು. ಗೇಟು ದಾಟಲು ಆಗಲಿಲ್ಲ. ಒಬ್ಬರು ಬಂದು ಕಾಲು ಮುಟ್ಟಿ ಏನೋ ಹೇಳಿದರು, ಇನ್ನೊಬ್ಬರು ಬಂದರು. ಎದುರುಮನೆಯವರು ಮಗಳಿಗೆ ಗಂಡು ಗೊತ್ತಾದದ್ದನ್ನು ಹೇಳಬೇಕಿತ್ತು, ಮೂಲೆಮನೆಯವರು ಮೊಮ್ಮಗಳನ್ನು ಎತ್ತಿ ತೋರಿಸಬೇಕಿತ್ತು. ಸುಬ್ಬಲಕ್ಷ್ಮಮ್ಮ ಆ ಮಧ್ಯಾಹ್ನ ಅರ್ಧಕ್ಕೆ ನಿಂತ ಸುದ್ದಿಯನ್ನು ಕಿವಿಯ ಹತ್ತಿರ ಬಾಗಿ ಪೂರ್ತಿ ಮಾಡಿದರು. ಹೊತ್ತವರು ಹೆಗಲು ಬದಲಾಯಿಸಿದರು. ಹೊತ್ತಾಯಿತು ಎಂದು ಐನೋರು ಒಂದೆರಡು ಸಲ ಹೇಳಿ ಸುಮ್ಮನಾದರು.

ಅರ್ಧ ಗಂಟೆ ಹಿಡಿಯಿತು.

ಹಿರಿಯರೆಲ್ಲಿ ಎಂದು ಯಾರೋ ಪರಮಶಿವಯ್ಯನವರನ್ನು ಹುಡುಕಿದರು. ಅವರು ಆಗಲೇ ಕೋಲೂರಿಕೊಂಡು ಮುಂದೆ ಹೋಗಿದ್ದರು. ತಿರುವಿನ ಹೊಂಗೆ ಮರದ ಕೆಳಗೆ ನಿಂತು, ಈ ಕಡೆಗೇ ನೋಡುತ್ತಿದ್ದರು.